ಮೇಜು ಬಿಟ್ಟು ಕದಲದ ಪೆನ್ನುಗಳು

ನಮ್ಮ ಕಡೆ ಯಾರಾದರೂ ನಿವೃತ್ತರಾದರೆ ಶಾಲು, ಗಂಧದ ಹಾರ, ಹಣ್ಣಿನ ತಟ್ಟೆಯ ಜೊತೆಗೆ ಒಂದು ಪೆನ್ ಸ್ಟ್ಯಾಂಡೂ ಕೈಗೆ ಬರುತ್ತಿತ್ತು. ಅಮೃತಶಿಲೆಯದೋ ಗಾಜಿನದೋ ಒಂದು ಪೀಠ, ಅದರ ಮೇಲೆ ಓರೆಯಾಗಿ ನೆಟ್ಟ ಎರಡು ಉದ್ದ ಬಾಲದ ಪೆನ್ನು, ನಡುವೆ ಪುಟ್ಟ ಗಡಿಯಾರವೋ ತಾರೀಖು ತಿರುಗಿಸುವ ಕ್ಯಾಲೆಂಡರೋ. ಹೈಸ್ಕೂಲಿನ ಹೆಡ್‌ಮಾಸ್ತರ ಮೇಜಿನ ಮೇಲೆ, ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರ ಮುಂದೆ, ಸೊಸೈಟಿ ಅಧ್ಯಕ್ಷರ ಕೊಠಡಿಯಲ್ಲಿ ಅದನ್ನು ನೋಡಿಕೊಂಡೇ ಬೆಳೆದೆ. ಪೆನ್ನಿಗೆ ಆ ಬಾಲ ಏಕೆ, ಅದು ಹಾಗೆ ಓರೆಯಾಗಿ ನಿಲ್ಲುವುದೇಕೆ ಎಂದು ತಿಳಿದದ್ದು ಮಾತ್ರ ಮದುವೆಯಾಗಿ ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಬಂದು, ಅಲ್ಲಿನ ಒಂದು ಊರಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಇಂಕ್ ಪೆನ್ನಿನ ಶತ್ರು ಗಾಳಿ. ನಿಬ್ಬು ತೆರೆದಿದ್ದರೆ ಇಂಕು ಒಣಗುತ್ತದೆ, ಆಮೇಲೆ ಕಾಗದದ ಮೇಲೆ ಎಷ್ಟು ಗೀಚಿದರೂ ಬಣ್ಣವಿಲ್ಲದ ಗೆರೆ. ಅದಕ್ಕೇ ಟೋಪಿ. ಆದರೆ ದಿನವಿಡೀ ಲೆಡ್ಜರ್ ಬರೆಯುವವರಿಗೆ, ಕಾಗದದ ಮೇಲೆ ಕಾಗದ ಬಂದಂತೆ ಸಹಿ ಹಾಕುವವರಿಗೆ, ಪ್ರತಿ ಸಲ ಟೋಪಿ ತಿರುಪಿ ತೆಗೆದು ಮತ್ತೆ ಹಾಕುವುದೇ ಒಂದು ಕೆಲಸ. 1920ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ದೊಡ್ಡ ಪೆನ್ ಕಂಪನಿಗಳು ಇದಕ್ಕೊಂದು ದಾರಿ ಹಿಡಿದವು. ಟೋಪಿಯನ್ನೇ ಮೇಜಿಗೆ ಕೂಡಿಸಿಬಿಟ್ಟವು. ಭಾರವಾದ ಕಲ್ಲಿನ ಪೀಠ, ಅದಕ್ಕೆ ಜೋಡಿಸಿದ ಕಹಳೆಯಾಕಾರದ ಕೊಳವೆ. ಪೆನ್ನನ್ನು ನಿಬ್ಬು ಒಳಗಾಗಿ ತೂರಿಸಿದರೆ ಕೊಳವೆ ಬಿಗಿಯಾಗಿ ಹಿಡಿದು ಗಾಳಿ ತಡೆಯುತ್ತದೆ. ಕೈ ಚಾಚಿ ಎತ್ತಿಕೊಂಡರೆ ಸಾಕು, ನಿಬ್ಬು ಹಸಿಯಾಗಿಯೇ ಇರುತ್ತದೆ. ಕೊಳವೆಯ ಬುಡದಲ್ಲಿ ಗುಂಡು ಕೀಲು ಇರುವುದರಿಂದ ಬರೆಯುವವರ ಕೈ ಬರುವ ಕಡೆಗೆ ಅದನ್ನು ವಾಲಿಸಿಕೊಳ್ಳಬಹುದು. ಹಿಡಿದು ತೆಗೆಯಲಿಕ್ಕೆ, ಕೈಯಲ್ಲಿ ತೂಕ ಸರಿತೂಗಿಸಲಿಕ್ಕೆ ಪೆನ್ನಿನ ಹಿಂಬದಿಗೆ ಮೊನಚಾಗುತ್ತ ಹೋಗುವ ಬಾಲ. ಕೆಲವು ಪಾರ್ಕರ್ ಡ್ಯೂಫೋಲ್ಡ್ ಪೆನ್ನುಗಳಲ್ಲಿ ಬಾಲವನ್ನು ಬಿಚ್ಚಿ ಮೋಟು ಹಿಂಬದಿ ಹಾಕಿಕೊಂಡರೆ ಅದೇ ಪೆನ್ನು ಜೇಬಿಗೂ ಆಗುತ್ತಿತ್ತು.

ಆ ಕಾಲದ ಪೀಠಗಳನ್ನು ನೋಡಬೇಕು. ಹಸಿರು ಓನಿಕ್ಸ್ ಕಲ್ಲು, ಹೊಂಬಣ್ಣದ ಗೆರೆಗಳು ಹರಿದ ಇಟಲಿಯ ಕರಿ ಅಮೃತಶಿಲೆ, ಕಂಚು, ಬೇಕಲೈಟ್, ಎರಕದ ಗಾಜು. ಕೆಲವಕ್ಕೆ ಗಡಿಯಾರ, ಕೆಲವಕ್ಕೆ ದೀಪ, ಕೆಲವಕ್ಕೆ ಸಿಗರೇಟಿನ ಬೂದಿ ಬಟ್ಟಲು, ಕೆಲವುಗಳ ಮೇಲೆ ಕಂಚಿನ ಬೇಟೆನಾಯಿ. ಅಗ್ಗದ ವಸ್ತುವಲ್ಲ. 1920ರಲ್ಲಿ ಶೇಫರ್ ಕಂಪನಿಯ ಲೈಫ್‌ಟೈಮ್ ಪೆನ್ನಿಗೆ 8.75 ಡಾಲರ್, ಮರುವರ್ಷ ಬಂದ ಪಾರ್ಕರ್ ಡ್ಯೂಫೋಲ್ಡಿಗೆ 7 ಡಾಲರ್. 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ 5 ಡಾಲರ್ ಸಂಬಳ ಎಂದು ಸಾರಿದಾಗ ದೇಶವೇ ಬೆರಗಾಗಿತ್ತು ಎಂಬುದನ್ನು ಜೊತೆಗಿಟ್ಟು ನೋಡಿದರೆ ಆ ಬೆಲೆಯ ಭಾರ ತಿಳಿಯುತ್ತದೆ. ಅದರ ಮೇಲೆ ಕಲ್ಲಿನ ಪೀಠದ ಬೆಲೆ ಬೇರೆ. ಹೀಗಾಗಿ ಇದು ಮ್ಯಾನೇಜರುಗಳ, ವಕೀಲರ, ಬ್ಯಾಂಕ್ ಅಧ್ಯಕ್ಷರ ಮೇಜಿನ ಸೊತ್ತಾಯಿತು. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ದೊಡ್ಡ ಮೇಜಿನ ಹಿಂದೆ ಕೂತವರ ಮುಂದೆ ಕಾಣುವುದು ಇದೇ.

ನನ್ನ ಕೈಗೆ ಮೊದಲು ಬಂದದ್ದು ಮಾತ್ರ ಇಂಥ ಐಶ್ವರ್ಯದ ಸೆಟ್ ಅಲ್ಲ. ಇಲ್ಲಿ ಮನೆಯ ಹಿರಿಯರು ತೀರಿಕೊಂಡರೆ ಮಕ್ಕಳು ಒಂದು ವಾರಾಂತ್ಯ ಮನೆಯ ಬಾಗಿಲು ತೆರೆದಿಟ್ಟು, ಒಳಗಿರುವ ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಮಾರುತ್ತಾರೆ. ಎಸ್ಟೇಟ್ ಸೇಲ್ ಎನ್ನುತ್ತಾರೆ. ಅಪರಿಚಿತರ ಮನೆಯೊಳಗೆ ಹೊಕ್ಕು ಅವರ ಸೌಟು, ಹೊದಿಕೆ, ಕನ್ನಡಕಗಳ ನಡುವೆ ಓಡಾಡುವುದಕ್ಕೆ ಮೊದಮೊದಲು ಮನಸ್ಸು ಒಪ್ಪುತ್ತಿರಲಿಲ್ಲ. ನಮ್ಮ ಲೈಬ್ರರಿಗೆ ಹಳೆಯ ಪುಸ್ತಕ ನೋಡಲು ಹೋದ ಒಂದು ಮನೆಯ ನೆಲಮಾಳಿಗೆಯಲ್ಲಿ, ಮೊಳೆ ಡಬ್ಬಿಗಳ ಪಕ್ಕ, ದಪ್ಪ ಗಾಜಿನ ಗುಂಡನೆಯ ಕುಡಿಕೆಯೊಂದು ಕೂತಿತ್ತು. ಕರಿ ಬೇಕಲೈಟ್ ಮುಚ್ಚಳ, ಅದರ ತೂತಿನಲ್ಲಿ ನೆಟ್ಟ ಕರಿ ಪೆನ್ನು. ಬೆಲೆ ಮೂರು ಡಾಲರ್. ಮಾರಾಟಕ್ಕೆ ನಿಂತಿದ್ದ ಮಗ, ಅಮ್ಮ ಊರಿನ ಧಾನ್ಯದ ಕೋಠಿಯಲ್ಲಿ ಲೆಕ್ಕ ಬರೆಯುತ್ತಿದ್ದರು, ಕೋಠಿ ಮುಚ್ಚಿದಾಗ ಇದನ್ನು ಮನೆಗೆ ತಂದರು ಎಂದ. ರೈತರು ತಂದ ಮುಸುಕಿನ ಜೋಳದ ತೂಕ, ತೇವ, ದರ, ಪಾವತಿ ಎಲ್ಲವನ್ನೂ ಆಕೆ ಅದರಲ್ಲೇ ಬರೆದದ್ದು.

ಅದು ಎಸ್ಟರ್‌ಬ್ರೂಕ್ ಕಂಪನಿಯ ಡಿಪ್‌ಲೆಸ್ ಸೆಟ್. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ರಿಚರ್ಡ್ ಎಸ್ಟರ್‌ಬ್ರೂಕ್ 1858ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನಲ್ಲಿ ಕಟ್ಟಿದ ಕಂಪನಿ ಇದು. ಮೊದಲು ಕಡ್ಡಿಗೆ ಸಿಕ್ಕಿಸಿ ಇಂಕಿನಲ್ಲಿ ಅದ್ದಿ ಬರೆಯುವ ಉಕ್ಕಿನ ನಿಬ್ಬುಗಳನ್ನು ರಾಶಿಗಟ್ಟಲೆ ಮಾಡುತ್ತಿತ್ತು. ಡಿಪ್‌ಲೆಸ್ ಪೆನ್ನಿನೊಳಗೆ ಇಂಕಿನ ತೊಟ್ಟಿಯೇ ಇಲ್ಲ. ಇಂಕು ಇರುವುದು ಗಾಜಿನ ಕುಡಿಕೆಯಲ್ಲಿ. ಪೆನ್ನನ್ನು ತೂತಿನಲ್ಲಿ ಇಟ್ಟಾಗ ಕುಡಿಕೆಯ ಇಂಕು ಸಣ್ಣ ಸಂದಿಗಳ ಮೂಲಕ ತಾನಾಗಿ ಏರಿ ನಿಬ್ಬಿನ ಕೆಳಗಿನ ನಾಲಗೆಯ ಸೀಳುಗಳಲ್ಲಿ ತುಂಬಿಕೊಳ್ಳುತ್ತದೆ. ಎತ್ತಿದರೆ ಒಂದಷ್ಟು ಸಾಲು ಬರೆಯುವಷ್ಟು ಇಂಕು ಅದರಲ್ಲೇ ಇರುತ್ತದೆ. ಮುಗಿದರೆ ಮತ್ತೆ ಅಲ್ಲೇ ಇಡುವುದು. ಬ್ಯಾಂಕಿನ ಕೌಂಟರು, ಹೋಟೆಲಿನ ರಿಜಿಸ್ಟರು, ಅಂಚೆ ಕಚೇರಿ ಇದರ ಜಾಗ. ಕೆಲವಕ್ಕೆ ಸಣ್ಣ ಮಣಿಸರಪಳಿ ಇರುತ್ತಿತ್ತು, ಯಾರೂ ಮರೆತು ಜೇಬಿಗೆ ಇಳಿಸದಿರಲಿ ಎಂದು.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಬ್ಬು. ತಿರುಪಿ ಬಿಚ್ಚಿ, ಇನ್ನೊಂದನ್ನು ತಿರುಪಿ ಹಾಕುವ ನಿಬ್ಬು. ಯಾರ ಕೆಲಸಕ್ಕೆ ಯಾವುದು ಹೊಂದುತ್ತದೋ ಅದಕ್ಕೊಂದು ನಂಬರು. ಗ್ರೆಗ್ ಶೀಘ್ರಲಿಪಿ ಬರೆಯುವ ಸ್ಟೆನೋಗಳಿಗೆ 1555. ಲೆಡ್ಜರಿನ ಕಿರಿದಾದ ಕಾಲಮ್ಮಿನಲ್ಲಿ ಅಂಕಿ ಬರೆಯುವವರಿಗೆ ತೀರ ಸಣ್ಣ ಮೊನೆಯ 9550. ಸಾಮಾನ್ಯರ ಬರಹಕ್ಕೆ 2668. ಸಂಬಳಕ್ಕೆ ಬರೆಯುವ ಜನರ ಕೈಯನ್ನು ಇಷ್ಟು ಗಮನವಿಟ್ಟು ನೋಡಿದ ಕಂಪನಿ ಇನ್ನೊಂದಿಲ್ಲ ಎಂದೇ ನನ್ನ ಭಾವನೆ. ಆ ನೆಲಮಾಳಿಗೆಯ ಪೆನ್ನಿನಲ್ಲಿದ್ದದ್ದು 9550. ಅದನ್ನು ರಾತ್ರಿ ನೀರಿನ ಬೋಗುಣಿಯಲ್ಲಿ ಇಟ್ಟು ಬೆಳಿಗ್ಗೆ ನೋಡಿದರೆ ನೀರೆಲ್ಲ ನೀಲಿ. ಆ ತಾಯಿ ತುಂಬಿಸಿದ್ದ ಇಂಕೇ ಅದು, ಜೋಳದ ಲೆಕ್ಕಕ್ಕೆಂದು.

ಮೇಜಿನ ಪೆನ್ನುಗಳನ್ನು ಕೂಡಿಡುವುದು ಹೀಗೆ ಶುರುವಾದದ್ದಕ್ಕೆ ಕಾರಣ ಅಪ್ಪ. ಅವರು ತಿಪಟೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಉಯಿಲು. ಒಂದು ಇಳಿಜಾರು ಡೆಸ್ಕು, ದಪ್ಪನೆಯ ಕರಿ ಪೆನ್ನು, ಬ್ಲೂ ಬ್ಲ್ಯಾಕ್ ಇಂಕಿನ ಬಾಟಲಿ, ಬ್ಲಾಟಿಂಗ್ ಪೇಪರ್. ಎದುರು ಬೆಂಚಿನ ಮೇಲೆ ಮಾರುವವರು, ಕೊಳ್ಳುವವರು, ಸಾಕ್ಷಿಗಳು. "ಅಯ್ನೋರೆ, ಚಕ್ಕುಬಂದಿ ಸರಿಯಾಗಿ ಬರೀರಿ, ಆ ಹುಣಸೇಮರ ನಮ್ ಕಡೀಗೆ ಬರ್ಬೇಕು" ಎಂದು ಮುದುಕರು ಡೆಸ್ಕಿನ ಮೇಲೆ ಬಗ್ಗಿ ಹೇಳುವುದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಛಾಪಾ ಕಾಗದದ ಮೇಲೆ ಕಾಟು ಹೊಡೆಯುವ ಹಾಗಿಲ್ಲ. ಹೊಡೆದರೆ ಅದನ್ನೂ ಕೊನೆಯಲ್ಲಿ ನಮೂದಿಸಬೇಕು. ಅಪ್ಪ ಒಂದು ಸಾಲನ್ನು ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡ ಮೇಲೇ ಪೆನ್ನು ಇಳಿಸುತ್ತಿದ್ದರು. ಪತ್ರ ಮುಗಿದ ಮೇಲೆ ಬರೆದವರು ಇಂಥವರು ಎಂಬರ್ಥದಲ್ಲಿ ಬಿಕ್ಕಲಂ ಎಂದು ಬರೆದು ತಮ್ಮ ಹೆಸರು, ಊರು ಹಾಕುತ್ತಿದ್ದರು. ಹೆಬ್ಬೆಟ್ಟು ಒತ್ತಿದವರ ಇಡೀ ಬಾಳು ಆ ಕಾಗದದ ಮೇಲೆ ಅಪ್ಪನ ಅಕ್ಷರದಲ್ಲಿತ್ತು. ಬರೆಯುವುದು ಎಂದರೆ ಬೇರೆಯವರ ಪರವಾಗಿ, ಒಂದೇ ಜಾಗದಲ್ಲಿ ಕೂತು, ತಪ್ಪಿಲ್ಲದೆ ಬರೆಯುವುದು. ನಾನು ಕಣ್ಣಾರೆ ಕಂಡ ಮೊದಲ ಬರವಣಿಗೆ ಅದು. ಕಥೆ, ಕವಿತೆ ಆಮೇಲೆ ಬಂದವು.

ಅಪ್ಪನ ಪೆನ್ನು ನನಗೆ ಸಿಗಲಿಲ್ಲ. ಅವರು ಹೋದಾಗ ನಾನು ಇಲ್ಲಿದ್ದೆ. ಮನೆ ಖಾಲಿ ಮಾಡಿದಾಗ ಅದು ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ. ಅದನ್ನೇ ಹುಡುಕುತ್ತ ಇವನ್ನು ಕೂಡಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೇಜಿಗೆ ಕಟ್ಟುಬಿದ್ದು ಬರೆದವರ ಸಾಧನ ಹೇಗಿರುತ್ತದೆಂದು ನನ್ನ ಕಣ್ಣಿಗೆ ಮೊದಲೇ ಪರಿಚಯವಿತ್ತು, ಅಷ್ಟೇ. ಜೇಬಿನ ಪೆನ್ನು ಒಬ್ಬರದು, ಅವರ ಹಿಂದೆ ಹೋಗುತ್ತದೆ. ಮೇಜಿನ ಪೆನ್ನಿಗೆ ಮೇಜೇ ಮನೆ. ಕೂತವರು ಬದಲಾಗಬಹುದು, ಅದು ಕದಲುವುದಿಲ್ಲ.

ಷಿಕಾಗೋ ಹತ್ತಿರ ಪ್ರತಿ ವಸಂತದಲ್ಲಿ ಪೆನ್ ಪ್ರದರ್ಶನ ನಡೆಯುತ್ತದೆ. ಹೋಟೆಲಿನ ದೊಡ್ಡ ಹಾಲಿನ ತುಂಬ ಮೇಜುಗಳು, ಮೇಜಿನ ತುಂಬ ಪೆನ್ನುಗಳು, ಕಣ್ಣಿಗೆ ಲೂಪ್ ಎಂಬ ಭೂತಗನ್ನಡಿ ಸಿಕ್ಕಿಸಿಕೊಂಡ ಜನ. ಅಲ್ಲಿ ಪೀಠ ಪೆನ್ನು ಕೂಡಿದ ಈ ಡೆಸ್ಕ್ ಸೆಟ್ಟುಗಳಿಗೆ ಮರ್ಯಾದೆ ಕಡಿಮೆ. ಕಲ್ಲಿನ ಪೀಠ ಭಾರ, ಅಂಚೆಯಲ್ಲಿ ಕಳಿಸಲು ದುಬಾರಿ. ಹಾಗಾಗಿ ಅನೇಕರು ಪೆನ್ನು ಇಟ್ಟುಕೊಂಡು ಪೀಠ ಬಿಸಾಡುತ್ತಾರೆ. ಇನ್ನು ಕೆಲವರು ಪೆನ್ನಿನ ಚಿನ್ನದ ನಿಬ್ಬನ್ನೂ ಕಿತ್ತು ಜೇಬಿನ ಪೆನ್ನಿಗೆ ಹಾಕಿ ಮಾರುತ್ತಾರೆ. ಪೆನ್ನಿಲ್ಲದ ಪೀಠಗಳು, ನಿಬ್ಬಿಲ್ಲದ ಬಾಲಗಳು ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಬಿದ್ದಿರುತ್ತವೆ. ನಾನು ಹೋದ ಕೂಡಲೇ ನೆಲಕ್ಕೆ ಕೂತು ಆ ಡಬ್ಬಿಗಳನ್ನು ತಡಕುತ್ತೇನೆ. ಕೂಡಿದ್ದನ್ನು ಅಗಲಿಸಿ ಲಾಭ ಮಾಡುವುದು ಈ ವಸ್ತುಗಳ ವಿಷಯದಲ್ಲಿ ಅನ್ಯಾಯ. ಎಂಬತ್ತು ತೊಂಬತ್ತು ವರ್ಷ ಒಟ್ಟಿಗಿದ್ದ ಪೆನ್ನು ಮತ್ತು ಕೊಳವೆ ಒಂದಕ್ಕೊಂದು ಸವೆದು ಹೊಂದಿಕೊಂಡಿರುತ್ತವೆ. ಅದೇ ಮಾದರಿಯ ಬೇರೆ ಪೆನ್ನು ತಂದಿಟ್ಟರೆ ಅಷ್ಟು ಬಿಗಿಯಾಗಿ ಕೂರದು, ನಿಬ್ಬು ಒಣಗುತ್ತದೆ.

ಇದಕ್ಕಿಂತ ಹೆಚ್ಚು ನೋವಾಗುವುದು ಹಿತ್ತಾಳೆ ಫಲಕ ಕಿತ್ತದ್ದನ್ನು ಕಂಡಾಗ. ಡೆಸ್ಕ್ ಸೆಟ್ಟನ್ನು ಸ್ವಂತಕ್ಕೆ ಕೊಂಡವರಷ್ಟೇ ಉಡುಗೊರೆಯಾಗಿ ಪಡೆದವರೂ ಇದ್ದರು. ದೀರ್ಘ ಸೇವೆಗೆ, ನಿವೃತ್ತಿಗೆ, ಸಂಘದ ಅಧ್ಯಕ್ಷಗಿರಿ ಮುಗಿದದ್ದಕ್ಕೆ. ಪೀಠದ ಮುಂಭಾಗದಲ್ಲಿ ಹೆಸರು ಕೆತ್ತಿದ ಪುಟ್ಟ ಫಲಕ. ಮಾರುವವರಿಗೆ ಅದು ಬೆಲೆ ಇಳಿಸುವ ಕಲೆ. ಬೇರೆಯವರ ಹೆಸರಿರುವ ವಸ್ತುವನ್ನು ಯಾರು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ ಎನ್ನುತ್ತಾರೆ. ಕಿತ್ತ ಮೇಲೆ ಕಲ್ಲಿನಲ್ಲಿ ಎರಡು ತೂತು ಉಳಿಯುತ್ತವೆ, ಇಲ್ಲವೇ ಅಂಟಿನ ಚೌಕ. ನಾನು ಹುಡುಕುವುದೇ ಫಲಕ ಇರುವುದನ್ನು.

ಅಂಥ ಒಂದರ ಬಗ್ಗೆ ಹೇಳಬೇಕು. ಶೇಫರ್ ಸೆಟ್. ಹೊಂಗೆರೆಯ ಕರಿ ಅಮೃತಶಿಲೆ, ಒಂದೇ ಕೊಳವೆ, ಕರಿ ಪೆನ್ನು, ನಿಬ್ಬಿನ ಮೇಲೆ ಲೈಫ್‌ಟೈಮ್ ಎಂಬ ಕೆತ್ತನೆ. ಫಲಕದಲ್ಲಿ ಒಬ್ಬ ಹೆಂಗಸಿನ ಹೆಸರು, 25 ವರ್ಷಗಳ ಸೇವೆ, 1936. ಹೆಸರಿನ ಮುಂದೆ ಮಿಸ್. ಅಂದರೆ ಆಕೆ ಕೆಲಸಕ್ಕೆ ಸೇರಿದ್ದು 1911ರಲ್ಲಿ. ಅಮೆರಿಕದಾದ್ಯಂತ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೂ ಮೊದಲೇ ಈಕೆ ದಿನವೂ ಒಂದು ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಳು. ಲೈಬ್ರರಿಯಲ್ಲಿ ಕೆಲಸ ಮಾಡುವವಳಿಗೆ ಇಷ್ಟು ಸುಳಿವು ಸಾಕು. ಇಲ್ಲಿನ ಊರುಗಳಲ್ಲಿ ಸಿಟಿ ಡೈರೆಕ್ಟರಿ ಎಂಬ ದಪ್ಪ ಪುಸ್ತಕಗಳು ಪ್ರಕಟವಾಗುತ್ತಿದ್ದವು. ಊರಿನ ವಯಸ್ಕರ ಹೆಸರು, ಉದ್ಯೋಗ, ವಿಳಾಸ. ಮನೆಯ ಯಜಮಾನರೋ, ಬೇರೆಯವರ ಮನೆಯಲ್ಲಿ ಊಟ ವಸತಿಗೆ ಇರುವವರೋ ಎಂದು ತಿಳಿಸಲು ಹೆಸರಿನ ಮುಂದೆ ಸಣ್ಣ ಗುರುತು. ಊಟದ ಬಿಡುವಿನಲ್ಲಿ ಆಕೆಯ ಊರಿನ ಸಂಪುಟಗಳನ್ನು ತರಿಸಿಕೊಂಡು ಒಂದೊಂದಾಗಿ ತಿರುವಿದೆ.

ಮೊದಲು ಸಿಕ್ಕಾಗ ಆಕೆ ಸ್ಟೆನೋಗ್ರಾಫರ್. ಇನ್ನೊಬ್ಬರ ಮನೆಯ ಕೋಣೆಯಲ್ಲಿ ವಾಸ. ಮುಂದಿನ ಸಂಪುಟಗಳಲ್ಲಿ ವಿಳಾಸ ಬದಲಾಗುತ್ತ ಹೋಗುತ್ತದೆ, ಗುರುತು ಮಾತ್ರ ಅದೇ, ಬೇರೆಯವರ ಮನೆಯವಳು. ಆಮೇಲೆ ಬುಕ್‌ಕೀಪರ್. ಆಮೇಲೆ ಕ್ಯಾಷಿಯರ್. ದೇಶದ ಬ್ಯಾಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ 1930ರ ಸುಮಾರಿನ ಕೆಟ್ಟ ವರ್ಷಗಳಲ್ಲೂ ಅವಳ ಹೆಸರಿನ ಮುಂದೆ ಕ್ಯಾಷಿಯರ್ ಎಂಬುದು ಅಳಿಸಿಲ್ಲ. ಉಡುಗೊರೆ ಕೊಟ್ಟ ವರ್ಷದ ಆಸುಪಾಸಿನ ಸಂಪುಟದಲ್ಲಿ ಗುರುತು ಬದಲಾಗಿದೆ. ಈಗ ಆಕೆಯೇ ಮನೆಯ ಯಜಮಾನಿ. 1940ರ ಜನಗಣತಿಯ ಹಾಳೆಗಳನ್ನು ಸರ್ಕಾರ 72 ವರ್ಷದ ನಿಯಮದಂತೆ 2012ರಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಅದೇ ವಿಳಾಸ, ಆಕೆ, ಜೊತೆಗೆ ಒಬ್ಬ ತಂಗಿ. ಇಷ್ಟೇ ನನಗೆ ಸಿಕ್ಕಿದ್ದು. ಇನ್ನೂ ಹುಡುಕಬಹುದಿತ್ತು, ಹುಡುಕಲಿಲ್ಲ. ಆಕೆಯ ಸ್ವಂತ ಮನೆಯ ಬಾಗಿಲ ತನಕ ಹೋದದ್ದು ಸಾಕು ಅನ್ನಿಸಿತು.

ಆದರೆ ಆ ಪೆನ್ನಿನ ನಿಬ್ಬು ಇನ್ನಷ್ಟು ಹೇಳಿತು. 14 ಕ್ಯಾರೆಟ್ ಚಿನ್ನದ ನಿಬ್ಬಿನ ತುದಿಯಲ್ಲಿ ಇರಿಡಿಯಂ ಎನ್ನುವ ಗಟ್ಟಿ ಲೋಹದ ಕಾಳು ಕೂತಿರುತ್ತದೆ. ಚಿನ್ನ ಮೆತ್ತಗೆ, ಕಾಗದಕ್ಕೆ ಉಜ್ಜಿದರೆ ಬೇಗ ಸವೆಯುತ್ತದೆ, ಅದಕ್ಕೆ ಈ ಕಾಳು. ಹೊಸದರಲ್ಲಿ ಅದು ಗುಂಡಗೆ. ವರ್ಷಗಟ್ಟಲೆ ಒಂದೇ ಕೈ ಬರೆದರೆ ಆ ಕೈ ಹಿಡಿಯುವ ಕೋನಕ್ಕೆ ಸರಿಯಾಗಿ ಒಂದು ಚಪ್ಪಟೆ ಮುಖ ಮೂಡುತ್ತದೆ. ಲೂಪಿನಲ್ಲಿ ನೋಡಿದರೆ ಈ ನಿಬ್ಬಿನ ಚಪ್ಪಟೆ ಮುಖ ಎಡಗಡೆಗೆ ವಾಲಿದೆ, ಮಿರಮಿರ ಹೊಳೆಯುತ್ತದೆ. ಉಡುಗೊರೆಯನ್ನು ಆಕೆ ಅಂದಕ್ಕೆ ಇಟ್ಟಿರಲಿಲ್ಲ. ಅದರಲ್ಲೇ ಬರೆದಿದ್ದಾಳೆ, ಬಹಳ ಬರೆದಿದ್ದಾಳೆ.

ನಾನು ಯಾವ ಪೆನ್ನು ತಂದರೂ ಅದರಲ್ಲಿ ಮೊದಲು ಬರೆಯುವುದು ಅಪ್ಪನ ಚಕ್ಕುಬಂದಿಯ ಸಾಲು. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ. ದಿಕ್ಕುಗಳ ಹೆಸರಿನಲ್ಲಿ ಬೇಕಾದಷ್ಟು ಒತ್ತಕ್ಷರ ಇವೆ, ಅರ್ಕಾವತ್ತು ಇದೆ, ಕೈಗೆ ಎಲ್ಲ ತಿರುವುಗಳೂ ಸಿಗುತ್ತವೆ. ಇಂಗ್ಲಿಷಿನ ಕೂಡುಬರಹ ಬಲಕ್ಕೆ ವಾಲಿ ಒಂದೇ ದಿಕ್ಕಿಗೆ ಹರಿದುಕೊಂಡು ಹೋಗುತ್ತದೆ. ಕನ್ನಡದ ಅಕ್ಷರ ಹಾಗಲ್ಲ. ಲ, ಳ, ಠ, ಣ ಬರೆಯುವಾಗ ನಿಬ್ಬು ಇರುವ ಎಲ್ಲ ದಿಕ್ಕಿಗೂ ಸುತ್ತಿ ಬರಬೇಕು. ಕ್ಯಾಷಿಯರಮ್ಮನ ನಿಬ್ಬು ಕೆಳಕ್ಕೆ ಇಳಿಯುವಾಗ, ಎಡದಿಂದ ಬಲಕ್ಕೆ ಸಾಗುವಾಗ ಬೆಣ್ಣೆ. ಸುತ್ತು ಮುಗಿಸಿ ಎಡಕ್ಕೆ ಏರುವಾಗ ಚಪ್ಪಟೆ ಮುಖದ ಅಂಚು ಕಾಗದವನ್ನು ಕೆರೆಯುತ್ತದೆ. ತಲೆಕಟ್ಟು ಎಳೆಯುವಾಗ ತಡೆಯುತ್ತದೆ. ನುಣ್ಣಗಿನ ಉಜ್ಜುಕಾಗದದ ಮೇಲೆ ನಾಲ್ಕು ಸಲ ಎಂಟರ ಆಕಾರ ಬರೆದರೆ ಅಂಚು ಹೋಗಿ ನಿಬ್ಬು ನನ್ನ ಕೈಗೆ ಒಗ್ಗುತ್ತದೆ, ರಿಪೇರಿಯವರೆಲ್ಲ ಮಾಡುವುದು ಅದನ್ನೇ. ನಾನು ಮಾಡುವುದಿಲ್ಲ. ಪೆನ್ನನ್ನು ಬೆರಳಲ್ಲಿ ಒಂದಿಷ್ಟು ತಿರುಗಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸಿದರೆ ಆಕೆ ಹಿಡಿಯುತ್ತಿದ್ದ ಕೋನ ಸಿಗುತ್ತದೆ, ಆಗ ಕನ್ನಡವೂ ಸಲೀಸಾಗಿ ಬರುತ್ತದೆ. ಅಕ್ಷರ ನನ್ನ ಮಾಮೂಲಿಗಿಂತ ಸ್ವಲ್ಪ ಅಗಲವಾಗುತ್ತದೆ, ಸ್ವಲ್ಪ ನಿಧಾನವಾಗುತ್ತದೆ. ಆ ಕೋನದಲ್ಲಿ ಕೂತು ಊರಿಗೆ, ಅಕ್ಕನಿಗೆ ಕಾಗದ ಬರೆಯುತ್ತೇನೆ.

ರಿಪೇರಿ ಕೆಲಸವನ್ನು ನಾನೇ ಕಲಿತೆ. ಶೇಫರ್ ಪೆನ್ನಿನ ಹೊಟ್ಟೆಯಲ್ಲಿ ರಬ್ಬರ್ ಚೀಲ ಇರುತ್ತದೆ. ಪಕ್ಕದ ಸನ್ನೆ ಎತ್ತಿದರೆ ಚೀಲ ಅಮುಕಿ, ಬಿಟ್ಟರೆ ಹಿಗ್ಗಿ ಇಂಕು ಹೀರುತ್ತದೆ. ಆ ಸನ್ನೆಯ ಪೇಟೆಂಟನ್ನು 1908ರಲ್ಲಿ ಪಡೆದ ವಾಲ್ಟರ್ ಶೇಫರ್ ಆಭರಣದ ವ್ಯಾಪಾರಿ. 1913ರಲ್ಲಿ ಅಯೋವಾ ರಾಜ್ಯದ ಫೋರ್ಟ್ ಮ್ಯಾಡಿಸನ್ ಊರಿನಲ್ಲಿ ಕಂಪನಿ ಕಟ್ಟಿದರು. ರಬ್ಬರ್ ಚೀಲ ದಶಕಗಳಲ್ಲಿ ಕಲ್ಲಾಗಿ, ಬಿಚ್ಚಿದರೆ ಚೂರುಚೂರಾಗಿ ಉದುರುತ್ತದೆ. ಚೂರುಗಳನ್ನು ಚಿಮಟದಿಂದ ಕೆರೆದು ತೆಗೆದು, ಹೊಸ ಚೀಲವನ್ನು ಅಳತೆಗೆ ಕತ್ತರಿಸಿ, ಶೆಲ್ಯಾಕ್ ಹಚ್ಚಿ ಕೂರಿಸಿ, ಮೇಲೆ ಟಾಲ್ಕ್ ಪುಡಿ ಸವರಬೇಕು. ಶೆಲ್ಯಾಕ್ ಅಂದರೆ ನಮ್ಮ ಅರಗು, ಭಾರತದ ಕಾಡುಗಳ ಮರದ ರೆಂಬೆಗಳ ಮೇಲೆ ಹುಳು ಕಟ್ಟುವ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದು ಅದರಿಂದಲೇ. ಸಬ್ ರಿಜಿಸ್ಟ್ರಾರರು ಲಕೋಟೆಯ ಮೇಲೆ ಮುದ್ರೆ ಒತ್ತುವಾಗ ಬರುತ್ತಿದ್ದ ವಾಸನೆಯೂ ಅದೇ. ಅಯೋವಾದ ಪೆನ್ನಿನೊಳಗೆ ಮೊದಲ ದಿನದಿಂದಲೂ ಅದು ಇತ್ತು. ಇಂದಿನ ಅಂಟುಗಳನ್ನು ಹಾಕಿದರೆ ಮುಂದೆ ಬಿಚ್ಚಲು ಬರುವುದಿಲ್ಲ, ಪೆನ್ನು ಒಡೆಯುತ್ತದೆ. ಅರಗು ಹದವಾದ ಬಿಸಿಗೆ ಬಿಟ್ಟುಕೊಡುತ್ತದೆ. ಮುಂದಿನವರು ಬಿಚ್ಚಬೇಕಾಗುತ್ತದೆ ಎಂದು ನೆನಪಿಟ್ಟು ಅಂಟಿಸುವ ಅಂಟು ಅದೊಂದೇ.

ಹದವಾದ ಬಿಸಿ ಎಂದೆ. ಬೆಂಕಿ ಹತ್ತಿರ ತರಬಾರದು, ಪೆನ್ನಿನ ಮೈಯ ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಹಸಿರು ಜೇಡ್ ಬಣ್ಣದ ಪೆನ್ನುಗಳು ನಡುಭಾಗದಲ್ಲಿ ಕಂದು ತಿರುಗಿರುವುದು ಒಳಗಿನ ರಬ್ಬರ್ ಚೀಲದ ಗಂಧಕದ ಹಬೆಯಿಂದ, ಅದಕ್ಕೆ ಮದ್ದಿಲ್ಲ. ಕಪ್ಪು ಎಬೊನೈಟ್ ಬಾಲವನ್ನು ನೀರಲ್ಲಿ ನೆನೆಹಾಕಿದರೆ ಕಂದು ಹಸಿರಾಗುತ್ತದೆ. ಇನ್ನು ಪೀಠ. ಹಸಿರು ಓನಿಕ್ಸನ್ನು ಹುಣಸೆಹಣ್ಣು, ನಿಂಬೆ, ವಿನಿಗರ್ ಯಾವುದರಿಂದಲೂ ತೊಳೆಯಬಾರದು. ಹಿತ್ತಾಳೆ ದೀಪ ಬೆಳಗಿ ಬೆಳೆದ ನಮ್ಮ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೇ, ಅದಕ್ಕೇ ಒತ್ತಿ ಹೇಳುತ್ತೇನೆ. ಡೆಸ್ಕ್ ಸೆಟ್ಟುಗಳ ಓನಿಕ್ಸ್ ಸುಣ್ಣದ ಜಾತಿಯ ಕಲ್ಲು, ಹುಳಿ ತಾಗಿದರೆ ನೊರೆಯೆದ್ದು ಹೊಳಪು ತಿಂದುಹೋಗುತ್ತದೆ. ಅಪ್ಪ ಬಳಸುತ್ತಿದ್ದಂಥ ಕಬ್ಬಿಣಾಂಶದ ಬ್ಲೂ ಬ್ಲ್ಯಾಕ್ ಇಂಕೂ ಹುಳಿಯೇ. ಅದು ಚೆಲ್ಲಿದ ಜಾಗದಲ್ಲಿ ಕಲೆಯ ಜೊತೆಗೆ ಕಲ್ಲೇ ತಗ್ಗಾಗಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಬರಿ ನೀರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆ, ತಾಳ್ಮೆ, ಅಷ್ಟೇ.

ಫೋರ್ಟ್ ಮ್ಯಾಡಿಸನ್‌ಗೆ ನಾನೂ ನಮ್ಮವರೂ ಕಾರಿನಲ್ಲಿ ಹೋಗಿ ಬಂದೆವು. ಇಲಿನಾಯ್ ಕಡೆಯಿಂದ ಬಂದರೆ ಮಿಸಿಸಿಪ್ಪಿ ನದಿಯನ್ನು 1927ರ ಹಳೆಯ ಉಕ್ಕಿನ ಸೇತುವೆಯ ಮೇಲೆ ದಾಟಬೇಕು. ಮೇಲಂತಸ್ತಿನಲ್ಲಿ ಕಾರು, ಕೆಳಗೆ ರೈಲು. ದೋಣಿಸಾಲು ಬಂದರೆ ಸೇತುವೆಯ ಒಂದು ಭಾಗ ತಿರುಗಿ ದಾರಿ ಬಿಡುತ್ತದೆ. ನದಿಯ ದಂಡೆಯಲ್ಲೇ ಕಾರ್ಖಾನೆ. ಅಲ್ಲಿ ಪೆನ್ ತಯಾರಿಕೆ 2008ರಲ್ಲಿ ನಿಂತಿತು. ಊರಿನವರು ಹಳೆಯ ಪೇಟೆಯಲ್ಲಿ ಒಂದು ಮ್ಯೂಸಿಯಂ ಮಾಡಿದ್ದಾರೆ. ಮನೆಮಂದಿಯೆಲ್ಲ ಒಂದೇ ಕಾರ್ಖಾನೆಯಲ್ಲಿ ದುಡಿದ ಊರು ಅದು. ತಲೆಮಾರುಗಳಿಂದ ನಿಬ್ಬು ಅರೆದ ಜನರ ಊರಿನಲ್ಲಿ ನಿಂತು ಅವರೇ ಮಾಡಿದ ಪೀಠಗಳನ್ನು ನೋಡುವಾಗ, ಬರೆದವರನ್ನಷ್ಟೇ ನೆನೆಯುತ್ತಿದ್ದ ನನಗೆ ಮಾಡಿದವರೂ ಕಣ್ಣೆದುರು ಬಂದರು. ಆ ಕಾಳನ್ನು ಚಿನ್ನಕ್ಕೆ ಬೆಸೆದು, ನಡುವೆ ಕೂದಲೆಳೆಯ ಸೀಳು ಕೊಯ್ದು, ಬರೆದು ನೋಡಿ ಪಾಸು ಮಾಡಿದವರು.

ಎಷ್ಟು ಕಲ್ಲಿನ ಸೆಟ್ಟುಗಳು ಬಂದರೂ ನನ್ನ ಮನಸ್ಸಿನಲ್ಲಿ ಮೊದಲ ಜಾಗ ಗಾಜಿನ ಕುಡಿಕೆಗೇ. ಅದು ಯಾರ ಹೆಸರಿಗೂ ಸೇರದ, ಬಂದವರೆಲ್ಲ ಹಿಡಿಯಬಹುದಾದ ಪೆನ್ನು. 1964ರ ಜುಲೈ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಹಾಕಿದಾಗ ಬಳಸಿದ್ದು ಎಸ್ಟರ್‌ಬ್ರೂಕ್ ಕಂಪನಿಯ ಇಂಥದೇ ಬಾಲದ ಪೆನ್ನುಗಳನ್ನು. 70ಕ್ಕೂ ಹೆಚ್ಚು ಪೆನ್ನುಗಳನ್ನು ಬದಲಿಸುತ್ತ ಸಹಿ ಮುಗಿಸಿ, ಸುತ್ತ ನಿಂತವರಿಗೆ ಹಂಚಿದರು. ಒಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೈಗೆ ಬಂತು. ಬ್ಯಾಂಕಿನ ಕೌಂಟರಿನಲ್ಲಿ ಸರಪಳಿಗೆ ಕಟ್ಟಿದ್ದ ಕುಲದ್ದೇ ಪೆನ್ನು ಅದು, ಚಿನ್ನದ ನಿಬ್ಬಿನದಲ್ಲ. ಆ ಕಾಯಿದೆಗೆ ಅದೇ ತಕ್ಕದ್ದು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಬಾಡಿಗೆ ಹಾಲಿನ ಬಾಗಿಲಲ್ಲಿ ಒಂದು ಮೇಜು ಹಾಕುತ್ತಾರೆ, ಬಂದವರು ಹೆಸರು ಬರೆದು ಒಳಗೆ ಹೋಗಲಿಕ್ಕೆ. ಅಲ್ಲಿಗೆ ಒಂದು ಡಿಪ್‌ಲೆಸ್ ಸೆಟ್ಟನ್ನು ಒಯ್ದು ಇಡುತ್ತೇನೆ, ಪಕ್ಕದಲ್ಲಿ ದಪ್ಪ ಹಾಳೆಯ ರಿಜಿಸ್ಟರು. ಕನ್ನಡದಲ್ಲೇ ಬರೆಯಿರಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಇಂಕ್ ಪೆನ್ನು ಕೈಗೆ ಬಂದರೆ ದೊಡ್ಡವರು ತಾವಾಗಿ ಕನ್ನಡಕ್ಕೆ ತಿರುಗುತ್ತಾರೆ; ಎಷ್ಟೋ ಜನ ಹೆಸರಿನ ಜೊತೆಗೆ ತಮ್ಮ ಊರನ್ನೂ ಸೇರಿಸುತ್ತಾರೆ, ಹಾಸನ, ಕುಂದಾಪುರ, ಗದಗ. ಭಾನುವಾರದ ಕನ್ನಡ ತರಗತಿಗೆ ಬರುವ ಮಕ್ಕಳು ಸಾಲು ಬಿಟ್ಟು ಓಡಿಬಂದು ಪೆನ್ನಿಗೆ ಮುಗಿಬೀಳುತ್ತಾರೆ. "ಆಂಟಿ, ಇದಕ್ಕೆ ಇಂಕ್ ಎಲ್ಲಿಂದ ಬರುತ್ತೆ?" ಎಂದು ಕುಡಿಕೆಯನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ, ರೇಷ್ಮೆ ಸೀರೆ ಉಟ್ಟವರು ದೂರ ಸರಿಯುತ್ತಾರೆ. ಬಾಲ್‌ಪೆನ್ನು ಒತ್ತಿ ಬರೆದು ರೂಢಿಯಾದ ಕೈಗಳು ಅವು, ಇಂಕ್ ಪೆನ್ನಿಗೆ ಅಷ್ಟು ಒತ್ತು ಬೇಡ. ಅದಕ್ಕೇ ಆ ದಿನ ಲೆಡ್ಜರಿನ 9550 ಬಿಚ್ಚಿ ಡಬ್ಬಿಯಲ್ಲಿಟ್ಟು, ಉಕ್ಕಿನ 2668 ತಿರುಪಿ ಒಯ್ಯುತ್ತೇನೆ. ಅದು ಎಷ್ಟು ಒತ್ತಿದರೂ ತಡೆಯುತ್ತದೆ, ಬಾಗಿದರೆ ಒಂದು ನಿಮಿಷದಲ್ಲಿ ಇನ್ನೊಂದು ಹಾಕಬಹುದು.